ಬಾಲ ಹಿಂದಿನ ಸರ್ಕಲ್ ಮುಟ್ಟಿದಾಗ

ಕಳೆದ ತಿಂಗಳು ಒಂದು ಸಂಜೆ, ಆರು ಗಂಟೆ ಸುಮಾರಿಗೆ, ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಅಂಗಡಿಯೊಂದರ ಮುಂದೆ ಮಳೆ ಬಿಡಲಿ ಅಂತ ನಿಂತಿದ್ದೆ. ಬಸ್ ಸ್ಟ್ಯಾಂಡ್ ಇನ್ನೂ ಸ್ವಲ್ಪ ಮುಂದೆ. ಒಂದು ಬಸ್ಸು ಬಂದು ಅಲ್ಲೇ ರಸ್ತೆ ಮೇಲೆ ನಿಂತಿತು. ಮೂರು ಜನ ಇಳಿದರು, ನಾಲ್ಕು ಜನ ಹತ್ತಿದರು. ಹತ್ತಿದವರಲ್ಲಿ ಒಬ್ಬರು ವಯಸ್ಸಾದ ಅಮ್ಮ, ಎರಡು ಕೈಯಲ್ಲೂ ಚೀಲ. ಕ್ಲೀನರ್ ಹುಡುಗ ಇಳಿದು ಚೀಲ ಎತ್ತಿ ಒಳಗಿಟ್ಟ, ಅವರ ಕೈ ಹಿಡಿದು ಹತ್ತಿಸಿದ, ಬಾಗಿಲು ತಟ್ಟಿ ‘ರೈಟ್’ ಅಂದ. ಹೆಚ್ಚೆಂದರೆ ಒಂದೂವರೆ ನಿಮಿಷ.

ಬಸ್ಸು ಹೋಯಿತು. ಅದರ ಹಿಂದೆ ಬೆಳೆದ ಸಾಲು ಮಾತ್ರ ಹೋಗಲಿಲ್ಲ. ಸಾಲಿನ ಬಾಲ ಹಿಂದೆ ಹಿಂದೆ ಸರಿಯುತ್ತಾ ಅಮೀರ್ ಅಹ್ಮದ್ ಸರ್ಕಲ್ ಒಳಗೇ ಬಂದು ನಿಂತುಬಿಟ್ಟಿತು. ಅಲ್ಲಿಂದ ಮುಂದೆ ನಡೆದದ್ದೇ ಬೇರೆ. ಗಾಂಧಿ ಬಜಾರ್ ಕಡೆಯಿಂದ ಬರುವವರಿಗೂ ಬಸ್ ಸ್ಟ್ಯಾಂಡಿಗೂ ಸಂಬಂಧವೇ ಇಲ್ಲ, ಆದರೆ ಸರ್ಕಲ್ ದಾಟಲು ಆಗದೆ ಅವರೂ ನಿಂತರು. ಅವರ ಹಿಂದೆ ಇನ್ನಷ್ಟು ಜನ ನಿಂತರು. ಇಪ್ಪತ್ತು ನಿಮಿಷ ಕಳೆದ ಮೇಲೂ ಅಲ್ಲಿ ಹಾರ್ನ್ ನಿಂತಿರಲಿಲ್ಲ. ಅಷ್ಟು ಹೊತ್ತಿಗೆ ಆ ಬಸ್ಸು ಆಲ್ಕೊಳ ದಾಟಿ ಸಾಗರದ ದಾರಿ ಹಿಡಿದಿರಬೇಕು. ಎಲ್ಲೋ ಹಿಂದೆ ಒಂದು ಆಂಬುಲೆನ್ಸ್ ಇತ್ತು. ಸೈರನ್ ಒಂದೇ ಜಾಗದಿಂದ ಕೇಳುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಾಮ್ ಬಗ್ಗೆ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ. ಗಾಡಿ ಜಾಸ್ತಿ ಆಗಿವೆ, ರಸ್ತೆ ಸಾಲುವುದಿಲ್ಲ. ಇದು ಸುಳ್ಳಲ್ಲ. 2011ರ ಜನಗಣತಿಯಲ್ಲೇ ಊರಿನ ಜನಸಂಖ್ಯೆ 3.22 ಲಕ್ಷ ಇತ್ತು, ಆಮೇಲೆ ಮನೆಗೊಂದು ಬೈಕು ಹೋಗಿ ಎರಡಾಗಿದೆ, ಸುತ್ತಲ ತಾಲ್ಲೂಕುಗಳಿಂದ ಆಸ್ಪತ್ರೆಗೆ, ಕಾಲೇಜಿಗೆ, ಅಡಿಕೆ ಮಂಡಿಗೆ ಬರುವವರು ಬೇರೆ. ಆದರೆ ಈ ಉತ್ತರದಲ್ಲಿ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ನಿನ್ನೆ ಅದೇ ಹೊತ್ತಿಗೆ ಹೆಚ್ಚು ಕಡಿಮೆ ಅಷ್ಟೇ ಗಾಡಿ ಇದ್ದವು ಅಲ್ವಾ? ನಿನ್ನೆ ಯಾಕೆ ಊರು ನಿಲ್ಲಲಿಲ್ಲ? ಒಂದು ರಸ್ತೆಯಲ್ಲಿ ಗಾಡಿ ನಿಲ್ಲುವುದು ಒಂದು ವಿಷಯ, ಆ ನಿಲುಗಡೆ ಪಕ್ಕದ ರಸ್ತೆಗೆ, ಅದರ ಪಕ್ಕದ ರಸ್ತೆಗೆ ದಾಟುವುದು ಇನ್ನೊಂದು ವಿಷಯ. ನಾವು ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತೇವೆ. ಊರನ್ನು ನಿಲ್ಲಿಸುವುದು ಎರಡನೆಯದು.

ಮೊದಲು ಒಂದೇ ರಸ್ತೆಯ ಕತೆ ನೋಡೋಣ. ಜಪಾನಿನ ಯೂಕಿ ಸುಗಿಯಾಮಾ ಎಂಬ ಭೌತವಿಜ್ಞಾನಿ ಮತ್ತು ಜೊತೆಗಾರರು ಮಾಡಿದ ಒಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಸುತ್ತಳತೆ 230 ಮೀಟರ್ ಇರುವ ಒಂದು ಗುಂಡಗಿನ ದಾರಿ, ಅದರ ಮೇಲೆ 22 ಕಾರು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸುತ್ತುತ್ತಾ ಇರಿ ಅಂತ ಚಾಲಕರಿಗೆ ಹೇಳಿದರು, ಅಷ್ಟೇ. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ದನ ಇಲ್ಲ. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಆಮೇಲೆ ಯಾರೋ ಒಬ್ಬರು ಸ್ವಲ್ಪ ಹೆಚ್ಚು ಬ್ರೇಕ್ ಒತ್ತಿದರು, ಹಿಂದಿನವರು ಅದಕ್ಕಿಂತ ಜಾಸ್ತಿ ಒತ್ತಿದರು, ಅವರ ಹಿಂದಿನವರು ಪೂರ್ತಿ ನಿಂತೇಬಿಟ್ಟರು. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೆ, ಆ ನಿಂತ ಗುಂಪು ಮಾತ್ರ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಹೋಗುತ್ತಿತ್ತು. ಮುಂದಿನಿಂದ ಒಂದು ಕಾರು ಬಿಡಿಸಿಕೊಂಡರೆ ಹಿಂದಿನಿಂದ ಒಂದು ಬಂದು ಸೇರುತ್ತಿತ್ತು.

ಇದನ್ನು ಲೆಕ್ಕದಲ್ಲಿ ಮೊದಲೇ ಹೇಳಿದವರು ಇದ್ದಾರೆ. 1955ರಲ್ಲಿ ಲೈಟ್‌ಹಿಲ್ ಮತ್ತು ವಿದಮ್ ಎಂಬ ಇಬ್ಬರು ಬ್ರಿಟನ್ನಿನಲ್ಲಿ ಎರಡು ಭಾಗದ ಪ್ರಬಂಧ ಬರೆದರು. ಮೊದಲ ಭಾಗ ಉದ್ದನೆಯ ನದಿಗಳಲ್ಲಿ ನೆರೆ ಹೇಗೆ ಸಾಗುತ್ತದೆ ಅನ್ನುವುದರ ಬಗ್ಗೆ, ಎರಡನೆಯದು ತುಂಬಿದ ರಸ್ತೆಯ ಬಗ್ಗೆ. ಆಷಾಢದಲ್ಲಿ ತುಂಗೆ ತುಂಬುವುದನ್ನು ಪ್ರತಿ ವರ್ಷ ಸೇತುವೆ ಮೇಲೆ ನಿಂತು ನೋಡುವ ನಮಗೆ ಇದು ಬೇಗ ಅರ್ಥವಾಗಬೇಕು. ಒಂದೇ ಒಂದು ದೊಡ್ಡ ವ್ಯತ್ಯಾಸ. ನೆರೆ ನೀರು ಕೆಳಗಿನ ಊರಿಗೆ ಹೋಗುತ್ತದೆ. ಜಾಮ್ ಮೇಲಿನ ಊರಿಗೆ, ಅಂದರೆ ಗಾಡಿಗಳು ಬರುತ್ತಿರುವ ಕಡೆಗೇ ಹೋಗುತ್ತದೆ.

ಈಗ ಸಿಗ್ನಲ್ ಇರುವ ಸರ್ಕಲ್‌ಗೆ ಬನ್ನಿ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಲೇಬೇಕು. ಹಸಿರು ಬಿದ್ದಾಗ ಒಂದು ಸಾಲಿನಿಂದ ಸುಮಾರು ಎರಡು ಸೆಕೆಂಡಿಗೆ ಒಂದು ಕಾರು ಹೊರಗೆ ಹೋಗುತ್ತದೆ. 30 ಸೆಕೆಂಡ್ ಹಸಿರು ಇದ್ದರೆ, ಹೊರಡುವ ತಡ ಕಳೆದು, 14 ಕಾರು ಅಂತ ಇಟ್ಟುಕೊಳ್ಳಿ. ಸಿಗ್ನಲ್‌ನ ಪೂರ್ತಿ ಸುತ್ತು ಒಂದೂವರೆ ನಿಮಿಷ. ಸುತ್ತಿಗೆ 12 ಕಾರು ಬರುತ್ತಿವೆ, 14 ಹೋಗಬಹುದು. ಎಲ್ಲ ಸರಿ, ಎರಡು ಕಾರಿನಷ್ಟು ಜಾಗ ಉಳಿಯುತ್ತದೆ. ಈಗ ಮುಂದೆ ಒಂದು ಬಸ್ಸು ನಿಂತು ಒಂದೇ ಒಂದು ಹಸಿರು ದಂಡವಾಯಿತು ಅನ್ನಿ. 12 ಕಾರು ಬಾಕಿ ಉಳಿದವು. ಪ್ರತಿ ಸುತ್ತಿನಲ್ಲೂ ಹೊಸ 12 ಬರುತ್ತಲೇ ಇವೆ, ಹಳೆ ಬಾಕಿಯಲ್ಲಿ ತೀರುವುದು ಎರಡೇ. ಹಾಗಾಗಿ ಬಾಕಿ ತೀರಲು ಆರು ಸುತ್ತು, ಅಂದರೆ ಒಂಬತ್ತು ನಿಮಿಷ ಬೇಕು. ಸುತ್ತಿಗೆ 13 ಕಾರು ಬರುತ್ತಿದ್ದರೆ? ಬಾಕಿ 13, ತೀರುವುದು ಒಂದೊಂದೇ, ಹದಿಮೂರು ಸುತ್ತು, ಹತ್ತಿರ ಹತ್ತಿರ ಇಪ್ಪತ್ತು ನಿಮಿಷ. ಮಧ್ಯಾಹ್ನದ ಹಾಗೆ 10 ಬರುತ್ತಿದ್ದರೆ ನಾಲ್ಕೇ ನಿಮಿಷದಲ್ಲಿ ಮುಗಿಯುತ್ತಿತ್ತು.

ಬಸ್ಸು ಅದೇ, ನಿಂತ ಹೊತ್ತೂ ಅದೇ. ಸುತ್ತಿಗೆ ಮೂರು ಕಾರು ಹೆಚ್ಚಾದದ್ದಕ್ಕೆ ನಾಲ್ಕು ನಿಮಿಷ ಇಪ್ಪತ್ತಾಯಿತು. ಸಂಜೆ ಆರಕ್ಕೆ ರಸ್ತೆ ಇರುವುದೇ ಈ ಹದಿಮೂರರ ಹಂತದಲ್ಲಿ. ‘ಎರಡು ನಿಮಿಷ ನಿಲ್ಲಿಸಿದರೆ ಏನಾಗುತ್ತೆ’ ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ.

ಇಲ್ಲಿಯವರೆಗೆ ಒಂದು ರಸ್ತೆ ಮಾತ್ರ ಕೆಟ್ಟಿದೆ. ಹರಡುವುದು ಹೇಗೆ ಅಂದರೆ ಉದ್ದದಿಂದ. ನಿಂತ ಕಾರು, ಮುಂದಿನ ಸಂದು ಸೇರಿಸಿ, ಸುಮಾರು 7 ಮೀಟರ್ ಜಾಗ ತಿನ್ನುತ್ತದೆ. 14 ಕಾರು ಅಂದರೆ ಹತ್ತಿರ ಹತ್ತಿರ 100 ಮೀಟರ್. ಬೆಂಗಳೂರು, ಮುಂಬೈಯ ದೊಡ್ಡ ರಸ್ತೆಗಳಲ್ಲಿ ಎರಡು ಜಂಕ್ಷನ್ ನಡುವೆ ಬೇಕಾದಷ್ಟು ಅಂತರ ಇರುವ ಕಡೆ ಈ ಸಾಲು ಅಲ್ಲಲ್ಲೇ ಅಡಗುತ್ತದೆ. ನಮ್ಮ ಹಳೇ ಪೇಟೆಯ ಭಾಗದಲ್ಲಿ ಒಂದು ಅಡ್ಡರಸ್ತೆಗೂ ಇನ್ನೊಂದಕ್ಕೂ ನಡುವೆ ನೂರು ಮೀಟರ್ ಸಿಗುವುದೂ ಕಷ್ಟ. ದುರ್ಗಿಗುಡಿ ಒಳಗೆ ಒಮ್ಮೆ ನಡೆದು ನೋಡಿ. ಹಾಗಾಗಿ ಒಂದು ಹಸಿರು ದಂಡವಾದರೆ ಸಾಲಿನ ಬಾಲ ಹಿಂದಿನ ಜಂಕ್ಷನ್ ಮುಟ್ಟುತ್ತದೆ. ಮುಟ್ಟಿದ ಕ್ಷಣದಿಂದ ಆ ಜಂಕ್ಷನ್‌ಗೆ ಸೇರುವ ಎಲ್ಲ ರಸ್ತೆಗಳೂ ಕೆಡಲು ಶುರು. ಒಂದು ರಸ್ತೆಯ ಬಾಕಿ ಮೂರು ರಸ್ತೆಗಳ ತಲೆಗೆ ಬರುತ್ತದೆ. ಆ ಮೂರರ ಬಾಲಗಳು ತಮ್ಮ ಹಿಂದಿನ ಸರ್ಕಲ್‌ಗಳ ಕಡೆ ಹೊರಡುತ್ತವೆ.

ಹೀಗೆ ಸುತ್ತಿಕೊಂಡು ಬಂದ ಬಾಲ ಕೊನೆಗೆ ಮೊದಲು ನಿಂತ ಸಾಲಿನ ಬಾಯಿಗೇ ಅಡ್ಡ ಬಂದರೆ ಕತೆ ಮುಗಿಯಿತು. ಆಗ ಯಾರು ಯಾರಿಗೆ ದಾರಿ ಬಿಡಬೇಕು ಅಂತಲೇ ಇರುವುದಿಲ್ಲ. ಎಲ್ಲರೂ ಇನ್ನೊಬ್ಬರಿಗಾಗಿ ಕಾಯುತ್ತಿರುತ್ತಾರೆ. ಮಲೆನಾಡಿನವರಿಗೆ ಇದನ್ನು ಚಿತ್ರ ಬರೆದು ತೋರಿಸಬೇಕಾಗಿಲ್ಲ, ರೈಲ್ವೆ ಗೇಟ್ ನೆನಪಿಸಿಕೊಂಡರೆ ಸಾಕು. ಗೇಟ್ ಬಿತ್ತು. ಈ ಕಡೆಯವರು ಎಡಗಡೆ ಸಾಲಾಗಿ ನಿಲ್ಲುತ್ತಾರೆ, ಆಮೇಲೆ ಬಂದ ಬೈಕುಗಳು ಬಲಗಡೆಯಿಂದ ಮುಂದೆ ಹೋಗುತ್ತವೆ, ಅವುಗಳ ಹಿಂದೆ ಒಂದು ಆಟೋ, ಆಟೋ ಹಿಂದೆ ಒಂದು ಕಾರು. ಆ ಕಡೆಯೂ ಹೀಗೇ. ರೈಲು ಹೋಗಿ ಗೇಟ್ ಎದ್ದಾಗ ಎರಡು ಕಡೆಯವರೂ ರಸ್ತೆ ಪೂರ್ತಿ ತುಂಬಿಕೊಂಡು ಮುಖಾಮುಖಿ ನಿಂತಿರುತ್ತಾರೆ. ರೈಲು ದಾಟಲು ಒಂದು ನಿಮಿಷ ಸಾಕಾಗಿತ್ತು, ನಾವು ಬಿಡಿಸಿಕೊಳ್ಳಲು ಹತ್ತು ನಿಮಿಷ.

ಬೈಕುಗಳ ಬಗ್ಗೆ ಒಂದು ಮಾತು ಹೇಳಬೇಕು, ಯಾಕಂದರೆ ವಿದೇಶದ ಲೆಕ್ಕಗಳಲ್ಲಿ ಇವು ಅಷ್ಟಾಗಿ ಬರುವುದಿಲ್ಲ. ಬೈಕು ನಿಜಕ್ಕೂ ಕಡಿಮೆ ಜಾಗ ಹಿಡಿಯುತ್ತದೆ, ಹಸಿರು ಬಿದ್ದ ತಕ್ಷಣ ಹೊರಟುಹೋಗುತ್ತದೆ. ಊರಿನಲ್ಲಿ ಅಷ್ಟೂ ಬೈಕಿನವರು ಕಾರು ತಂದಿದ್ದರೆ ನಾವು ಯಾವತ್ತೋ ನಿಂತುಬಿಡುತ್ತಿದ್ದೆವು. ಆದರೆ ಸರ್ಕಲ್ ಕಟ್ಟಿಕೊಂಡಾಗ ಅದೇ ಬೈಕು ಇದ್ದಬದ್ದ ಸಂದನ್ನೆಲ್ಲ ತುಂಬಿ ಮುಚ್ಚುತ್ತದೆ. ನಾನೂ ಬೈಕಿನವನೇ. ಸಂದು ಕಂಡರೆ ಮುಂದಿನ ಚಕ್ರ ತೂರಿಸದೆ ಇರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಸಂದೇ ಅಡ್ಡ ದಾಟಬೇಕಾದವರ ದಾರಿ ಅನ್ನುವುದು ಅವತ್ತು ಫುಟ್‌ಪಾತ್ ಮೇಲೆ ನಿಂತು ನೋಡಿದಾಗಲೇ ನನಗೆ ಕಂಡದ್ದು.

2020ರಲ್ಲಿ ಮೀದ್ ಸಬೇರಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ನಗರದ ರಸ್ತೆಗಳಲ್ಲಿ ಜಾಮ್ ಹರಡುವುದನ್ನು ಸಾಂಕ್ರಾಮಿಕ ರೋಗ ಹರಡುವ ಸರಳ ಲೆಕ್ಕದಿಂದಲೇ ವಿವರಿಸಬಹುದು ಅಂತ ಹಲವು ನಗರಗಳ ಮಾಹಿತಿ ಇಟ್ಟು ತೋರಿಸಿದರು. ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತ ಲೆಕ್ಕವೇ ಅದು. ಒಬ್ಬ ರೋಗಿ ಎಷ್ಟು ಜನರಿಗೆ ಅಂಟಿಸುತ್ತಾನೆ, ಎಷ್ಟು ಬೇಗ ಗುಣವಾಗುತ್ತಾನೆ. ಇಲ್ಲಿ ರೋಗಿಯ ಜಾಗದಲ್ಲಿ ಒಂದು ರಸ್ತೆ. ಕಟ್ಟಿಕೊಂಡ ರಸ್ತೆ ಪಕ್ಕದ ರಸ್ತೆಗಳಿಗೆ ಅಂಟಿಸುವ ವೇಗ, ಅದು ಬಿಡಿಸಿಕೊಳ್ಳುವ ವೇಗಕ್ಕಿಂತ ಜಾಸ್ತಿ ಇದ್ದರೆ ಊರೆಲ್ಲ ಹರಡುತ್ತದೆ, ಕಡಿಮೆ ಇದ್ದರೆ ಅಲ್ಲೇ ಸಾಯುತ್ತದೆ. ಹೋಲಿಕೆ ಒಂದು ಕಡೆ ಕೂಡುವುದಿಲ್ಲ. ಇವತ್ತು ಗುಣವಾದ ರಸ್ತೆಗೆ ನಾಳೆ ಸಂಜೆ ಮತ್ತೆ ಬರುತ್ತದೆ, ನಿರೋಧಕ ಶಕ್ತಿ ಅಂತ ಏನೂ ಹುಟ್ಟುವುದಿಲ್ಲ. ಆದರೂ ಇದರಿಂದ ನನಗೆ ಸಿಕ್ಕ ಉಪಯೋಗ ದೊಡ್ಡದು. ಎಲ್ಲ ರಸ್ತೆಗೂ ಒಂದೇ ಸಮ ಔಷಧಿ ಹಾಕಬೇಕಾಗಿಲ್ಲ. ಯಾವ ಜಾಗ ಕೆಟ್ಟರೆ ಅತಿ ಹೆಚ್ಚು ರಸ್ತೆಗೆ ಅಂಟುತ್ತದೋ ಅಲ್ಲಿ ಮೊದಲು ಹಿಡಿಯಬೇಕು.

ನಮ್ಮೂರಿನ ನಕ್ಷೆ ನೋಡಿದರೆ ಅಂಥ ಜಾಗಗಳು ತಾವಾಗಿ ಕಾಣುತ್ತವೆ. ಊರು ಗಾಡಿಯ ಚಕ್ರದ ಹಾಗಿದೆ. ಭದ್ರಾವತಿ, ಹೊಳೆಹೊನ್ನೂರು, ಸವಳಂಗ, ಸಾಗರ, ತೀರ್ಥಹಳ್ಳಿ, ಎಲ್ಲ ಕಡೆಯಿಂದ ರಸ್ತೆಗಳು ಬಂದು ನಡುವಿನ ಗುಂಭಕ್ಕೆ ಸೇರುತ್ತವೆ. ಒಂದು ಕಡೆ ತುಂಗೆ ಅಡ್ಡ, ಇನ್ನೊಂದು ಕಡೆ ರೈಲ್ವೆ ಹಳಿ ಅಡ್ಡ. ಹೊಳೆ ದಾಟಲು ಸೇತುವೆಗೇ ಬರಬೇಕು, ಹಳಿ ದಾಟಲು ಗೇಟ್ ಅಥವಾ ಮೇಲ್ಸೇತುವೆಗೇ ಬರಬೇಕು. ಹಾಗಾಗಿ ಅಮೀರ್ ಅಹ್ಮದ್ ಸರ್ಕಲ್, ಗೋಪಿ ಸರ್ಕಲ್, ಅಶೋಕ ಸರ್ಕಲ್, ತುಂಗಾ ಸೇತುವೆಯ ತುದಿ, ಇಷ್ಟು ಜಾಗ ಉಸಿರಾಡುತ್ತಿದ್ದರೆ ಊರು ಉಸಿರಾಡುತ್ತದೆ. ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಗಾಂಧಿ ಬಜಾರ್ ಜನರಿಂದ ತುಂಬಿರುತ್ತದೆ, ಗಾಡಿಗಳಿಗೆ ಅಲ್ಲಿ ದಾರಿ ಇರುವುದಿಲ್ಲ. ಆಗ ಪೇಟೆಯಿಂದ ದೂರ ಇರುವ ರಸ್ತೆಗಳೂ ಭಾರವಾಗುವುದನ್ನು ನೋಡಿದವರಿಗೆ ನಾನು ಹೇಳುವುದು ಹೊಸದಲ್ಲ.

ಇನ್ನೂ ಒಂದು ವಿಷಯ ಇದೆ, ನನ್ನ ಮಟ್ಟಿಗೆ ಇದೇ ಮುಖ್ಯ. 2008ರಲ್ಲಿ ಜೆರೊಲಿಮಿನಿಸ್ ಮತ್ತು ಡಗಾಂಜೊ ಎಂಬ ಇಬ್ಬರು ಜಪಾನಿನ ಯೊಕೊಹಾಮಾ ನಗರದ ಮಾಹಿತಿ ಇಟ್ಟುಕೊಂಡು, ಒಂದೊಂದು ರಸ್ತೆಯನ್ನಲ್ಲ, ಇಡೀ ಪೇಟೆ ಭಾಗವನ್ನೇ ಒಂದು ಪಾತ್ರೆಯ ಹಾಗೆ ನೋಡಿದರು. ಒಳಗೆ ಗಾಡಿ ಹೆಚ್ಚಾದಂತೆ ಮೊದಲು ಹೊರಬೀಳುವ ಗಾಡಿಗಳೂ ಹೆಚ್ಚುತ್ತವೆ. ಒಂದು ಮಿತಿ ಬರುತ್ತದೆ. ಅದು ದಾಟಿದ ಮೇಲೆ ಒಳಗೆ ಜಾಸ್ತಿ ಬಿಟ್ಟಷ್ಟೂ ಹೊರಗೆ ಬರುವುದು ಕಡಿಮೆಯಾಗುತ್ತದೆ. ಒಣಗಿದ ಅಡಿಕೆಯನ್ನು ಒಂದು ಚೀಲದಿಂದ ಇನ್ನೊಂದಕ್ಕೆ ಸುರಿದವರಿಗೆ ಇದು ಗೊತ್ತು. ನಿಧಾನವಾಗಿ ಓರೆ ಮಾಡಿದರೆ ಸರಸರ ಇಳಿಯುತ್ತದೆ, ಅವಸರಕ್ಕೆ ಒಮ್ಮೆಲೇ ಬೋರಲು ಹಾಕಿದರೆ ಚೀಲದ ಬಾಯಲ್ಲೇ ಕಚ್ಚಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಈ ಮಿತಿ ದಾಟದ ಹಾಗೆ ಊರಿನ ಅಂಚಿನ ಸಿಗ್ನಲ್‌ಗಳಲ್ಲೇ ಗಾಡಿಗಳನ್ನು ಸ್ವಲ್ಪ ಹೊತ್ತು ಹಿಡಿದು, ಪೇಟೆ ಒಳಗೆ ಜಾಗ ಆದಾಗ ಬಿಡುತ್ತಾರೆ. ಹೊರಗೆ ಸ್ವಲ್ಪ ಹೊತ್ತು ಕಾದವನು ಒಳಗೆ ಅದಕ್ಕಿಂತ ಹೆಚ್ಚು ಹೊತ್ತು ಉಳಿಸುತ್ತಾನೆ.

ಮಲೆನಾಡಿನಲ್ಲಿ ಈ ಹರಡುವಿಕೆ ಊರೊಳಗೆ ಮಾತ್ರ ಅಲ್ಲ, ಜಿಲ್ಲೆಯಿಂದ ಜಿಲ್ಲೆಗೂ ದಾಟುತ್ತದೆ. ಬಯಲುಸೀಮೆಯಲ್ಲಿ ಒಂದು ರಸ್ತೆ ಕಟ್ಟಿದರೆ ಪಕ್ಕದ ಹಳ್ಳಿ ಹಿಡಿದು ಹೋಗಬಹುದು. ಇಲ್ಲಿ ಗುಡ್ಡ, ಹೊಳೆ, ಕಾಡು. ಕರಾವಳಿಗೆ ಇಳಿಯಲು ಕೈಬೆರಳಲ್ಲಿ ಎಣಿಸುವಷ್ಟು ಘಾಟಿಗಳಿವೆ. 2024ರ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಮತ್ತೆ ಮತ್ತೆ ನಿಂತಿತು. ಬೆಂಗಳೂರು, ಮಂಗಳೂರು ನಡುವಿನ ಗಾಡಿಗಳೆಲ್ಲ ಚಾರ್ಮಾಡಿ ಮತ್ತು ಬೇರೆ ಘಾಟಿಗಳ ಕಡೆ ತಿರುಗಿದವು. ಚಾರ್ಮಾಡಿಯ ತಿರುವುಗಳು ಅಷ್ಟು ಗಾಡಿಗೆ ಮಾಡಿದವಲ್ಲ. ಆಗುಂಬೆಯಲ್ಲೂ ಮಳೆಗಾಲದಲ್ಲಿ ಭಾರಿ ವಾಹನ ನಿಲ್ಲಿಸುತ್ತಾರೆ, ಆಗ ತೀರ್ಥಹಳ್ಳಿಯಿಂದ ಮಾಸ್ತಿಕಟ್ಟೆ, ಹುಲಿಕಲ್ ಮೂಲಕ ಉಡುಪಿ ಜಿಲ್ಲೆಯ ಸಿದ್ದಾಪುರಕ್ಕೆ ಇಳಿಯಬೇಕು. ಒಂದು ಕಡೆ ಮಣ್ಣು ಜಾರಿದರೆ ಇನ್ನೆಲ್ಲೋ ಒಂದು ಸಣ್ಣ ಊರಿನ ಮುಖ್ಯರಸ್ತೆಯಲ್ಲಿ ಮಕ್ಕಳು ಶಾಲೆಗೆ ದಾಟಲು ಆಗುವುದಿಲ್ಲ.

ಅಂಬಾರಗೋಡ್ಲಿನಲ್ಲಿ ಲಾಂಚ್‌ಗೆ, ಅಂದರೆ ಗಾಡಿ ದಾಟಿಸುವ ದೋಣಿಗೆ, ನಿಲ್ಲುತ್ತಿದ್ದ ಸಾಲನ್ನೂ ಹೇಳಬೇಕು. ಸಿಗಂದೂರಿಗೆ ಹೋಗುವವರು ಶರಾವತಿ ಹಿನ್ನೀರಿನ ದಡದಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಲಾಂಚ್ ಒಂದು ಸಲಕ್ಕೆ ಒಯ್ಯುತ್ತಿದ್ದದ್ದು ಕೆಲವೇ ಗಾಡಿ, ಅದಕ್ಕಿಂತ ಒಂದು ಹೆಚ್ಚಿಗೆ ಬಂದರೂ ಅದು ಮುಂದಿನ ಸರದಿಗೆ. 2025ರ ಜುಲೈ 14ರಂದು 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ದಶಕಗಳ ಕಾಲ ಕಾದ, ಹಿನ್ನೀರಿನ ಆಚೆ ದಡದ ಜನಕ್ಕೆ ಸಿಗಲೇಬೇಕಾಗಿದ್ದ ಸೇತುವೆ ಅದು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾಂಚ್ ಇದ್ದಾಗ ಗಾಡಿಗಳು ಆ ದಡಕ್ಕೆ ಅಷ್ಟಷ್ಟೇ ಹೋಗುತ್ತಿದ್ದವು. ಆ ತಡೆ ತೆಗೆದ ಮೇಲೆ ಅಷ್ಟೂ ಗಾಡಿ ಒಟ್ಟಿಗೆ ಹೋಗಿ ಮುಂದಿನ ಇಕ್ಕಟ್ಟಿನ ಜಾಗ ಎಲ್ಲಿದೆಯೋ ಅಲ್ಲಿ ನಿಲ್ಲುತ್ತವೆ. ಆ ಮುಂದಿನ ಜಾಗವನ್ನೂ ಮೊದಲೇ ನೋಡಿಕೊಳ್ಳಬೇಕು.

ಇದೇ ಕಾರಣಕ್ಕೆ ‘ರಸ್ತೆ ಅಗಲ ಮಾಡಿ’ ಅನ್ನುವ ಮಾತು ಕೇಳಿದಾಗ ನನಗೆ ಸಮಾಧಾನ ಆಗುವುದಿಲ್ಲ. ಎರಡು ಸರ್ಕಲ್ ನಡುವಿನ ರಸ್ತೆ ಅಗಲ ಮಾಡಿದರೆ ಗಾಡಿ ನಿಲ್ಲುವ ಜಾಗ ಹೆಚ್ಚುತ್ತದೆ, ಬಾಲ ಹಿಂದೆ ಮುಟ್ಟುವುದು ಸ್ವಲ್ಪ ತಡವಾಗುತ್ತದೆ, ಅಷ್ಟು ಲಾಭ ಇದೆ. ಹೊರಗೆ ಹೋಗುವ ಬಾಯಿ ಮಾತ್ರ ಅಷ್ಟೇ ಉಳಿಯುತ್ತದೆ. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ರಸ್ತೆ, ಫುಟ್‌ಪಾತ್ ಕೆಲಸ ಸಾಕಷ್ಟು ಆಯಿತು. ಈಗ ನೋಡಬೇಕಾದ್ದು ಬಾಯಿಯ ಕಡೆ. ಸರ್ಕಲ್‌ನಿಂದ ಹತ್ತು ಮೀಟರ್ ದೂರದಲ್ಲಿ ನಿಲ್ಲಿಸಿದ ಒಂದು ಕಾರು ಒಂದು ಪೂರ್ತಿ ಸಾಲನ್ನೇ ತಿಂದುಹಾಕುತ್ತದೆ, ಎರಡು ಸಾಲಿನಲ್ಲಿ ಹೊರಡಬೇಕಾದವರು ಒಂದರಲ್ಲಿ ಹೊರಡುತ್ತಾರೆ. ಅದೇ ಕಾರು ಸರ್ಕಲ್‌ನಿಂದ ದೂರ, ಎರಡು ಸರ್ಕಲ್ ನಡುವೆ ರಸ್ತೆಯ ಅಂಚಿನಲ್ಲಿ ನಿಂತರೆ ನಷ್ಟ ತುಂಬ ಕಡಿಮೆ. ದಂಡ ಹಾಕುವುದಾದರೆ, ಟೋಯಿಂಗ್ ಮಾಡುವುದಾದರೆ, ಸರ್ಕಲ್ ಬಾಯಿಯಲ್ಲಿ ನಿಂತದ್ದಕ್ಕೆ ಮೊದಲು ಮಾಡಿ.

ಬಸ್ಸು ನಿಲ್ಲುವ ಜಾಗವೂ ಹಾಗೇ. ಸರ್ಕಲ್‌ಗೆ ಮೊದಲೇ ನಿಂತರೆ ಒಂದು ಹಸಿರು ವ್ಯರ್ಥ. ದಾಟಿ, ಸ್ವಲ್ಪ ಮುಂದೆ ಹೋಗಿ, ರಸ್ತೆಯಿಂದ ಪಕ್ಕಕ್ಕೆ ಸರಿದು ನಿಲ್ಲುವ ಹಾಗೆ ಜಾಗ ಮಾಡಿಕೊಟ್ಟರೆ ಅದೇ ಅಮ್ಮ ಅದೇ ಎರಡು ಚೀಲದ ಜೊತೆ ನಿಧಾನವಾಗಿ ಹತ್ತಬಹುದು. ಬಸ್ಸಿನವರನ್ನು ಬೈಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಒಂದು ಬಸ್ಸಿನಲ್ಲಿ ಐವತ್ತು ಜನ ಇರುತ್ತಾರೆ, ಆ ಐವತ್ತು ಜನ ಕಾರಲ್ಲಿ ಬಂದರೆ ಏನಾಗುತ್ತದೆ ಅನ್ನುವುದನ್ನು ಮೇಲಿನ ಏಳು ಮೀಟರ್ ಲೆಕ್ಕದಲ್ಲಿ ಗುಣಿಸಿ ನೋಡಿ. ಅಂಗಡಿಗಳಿಗೆ ಸಾಮಾನು ಇಳಿಸುವ ಲಗೇಜ್ ಗಾಡಿಗಳು ಬೆಳಿಗ್ಗೆ ಎಂಟರ ಒಳಗೆ ಬಂದು ಹೋದರೆ ಅರ್ಧ ತಲೆನೋವು ಕಡಿಮೆ. ಹಮಾಲರಿಗೂ ಬಿಸಿಲು ಇರುವುದಿಲ್ಲ.

ಮತ್ತೆ ಸರ್ಕಲ್‌ನ ನಡುವಿನ ಆ ಚೌಕ. ಬ್ರಿಟನ್ನಿನಲ್ಲಿ 1967ರಿಂದಲೇ ಜಂಕ್ಷನ್ ನಡುವೆ ಹಳದಿ ಅಡ್ಡಗೆರೆಗಳ ಚೌಕ ಬಳಿಯುತ್ತಾರೆ. ಮುಂದೆ ಹೊರಬೀಳಲು ಜಾಗ ಕಾಣುವವರೆಗೆ ಅದರೊಳಗೆ ಕಾಲಿಡುವ ಹಾಗಿಲ್ಲ, ಹಸಿರು ಇದ್ದರೂ ಸರಿ. ಇಷ್ಟು ಹೊತ್ತು ಮಾಡಿದ ಲೆಕ್ಕವೆಲ್ಲ ಈ ಒಂದು ನಿಯಮದಲ್ಲಿ ಬಂದುಬಿಡುತ್ತದೆ. ಸಾಲು ಎಷ್ಟೇ ಉದ್ದ ಆಗಲಿ, ಬಾಲ ಚೌಕದ ಆಚೆಗೇ ನಿಂತರೆ ಅಡ್ಡ ದಾಟುವವರು ದಾಟುತ್ತಾರೆ. ಅಲ್ಲಿಗೆ ಹರಡುವುದು ನಿಲ್ಲುತ್ತದೆ.

ಅವತ್ತು ಸಂಜೆ ಜಾಮ್ ಬಿಡಿಸಿದ್ದೂ ಹೀಗೆಯೇ. ಮಳೆಕೋಟು ಹಾಕಿದ್ದ ಒಬ್ಬ ಪೊಲೀಸಪ್ಪ ಬಂದು ಸರ್ಕಲ್ ನಡುವೆ ನಿಂತರು. ಬಸ್ ಸ್ಟ್ಯಾಂಡ್ ಕಡೆ ಹೋಗುವ ಸಾಲಿಗೆ ಹಸಿರು ಇತ್ತು, ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಮುಂದಿದ್ದ ಕಾರಿನವನು ಗಾಜು ಇಳಿಸಿ ‘ಸರ್, ಗ್ರೀನ್ ಇದೆ’ ಅಂತ ಕೂಗಿದ. ‘ಗೊತ್ತಪ್ಪ, ಎಲ್ಲಿಗೆ ಹೋಗ್ತೀಯ ನೀನು? ಮುಂದೆ ನೋಡು’ ಅಂದರು ಅವರು, ಕೈ ಇಳಿಸಲಿಲ್ಲ. ಸರ್ಕಲ್ ಒಳಗಿದ್ದ ಗಾಡಿಗಳು ಒಂದೊಂದಾಗಿ ಖಾಲಿಯಾದವು, ಒದ್ದೆ ಡಾಂಬರು ಕಂಡಿತು. ಆಮೇಲೆ ಅವರು ಇನ್ನೊಂದು ಕೈಯಲ್ಲಿ ಗಾಂಧಿ ಬಜಾರ್ ಕಡೆಯವರನ್ನು ಬಿಟ್ಟರು. ಸೈರನ್ ಹತ್ತಿರ ಬರತೊಡಗಿತು.